ಟೈಲ್ಸ್ ಕೆಳಗಿನ ನೆಲ: ಪಾಯದೊಳಗೆ ಮಣ್ಣು ತುಂಬುವುದರಿಂದ ಬೆಡ್ ಕಾಂಕ್ರೀಟ್‌ವರೆಗೆ

ಕೋಲಾರದ ನಮ್ಮ ಮನೆಗೆ ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆದಿದ್ದವು. ಹಾಲ್‌ನಲ್ಲಿ ಬಚ್ಚಲ ಗೋಡೆಗೆ ಹೊಂದಿಕೊಂಡ ಐದಾರು ಟೈಲ್ಸ್ ಕಾಲಿಟ್ಟರೆ ಡಬಡಬ ಎನ್ನತೊಡಗಿದವು. ಮೂರನೆಯ ವರ್ಷಕ್ಕೆ ಗೋಡೆಯಂಚಿನ ಸ್ಕರ್ಟಿಂಗ್‌ಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಒಡೆಸಿ ನೋಡಿದರೆ ಟೈಲ್ಸ್ ಗಟ್ಟಿಯಾಗಿತ್ತು, ಅದರಡಿಯ ಮಾಲೂ (ಸಿಮೆಂಟ್ ಮರಳಿನ ಗಾರೆ) ಗಟ್ಟಿಯಾಗಿತ್ತು. ಕಾಂಕ್ರೀಟ್ ಮಾತ್ರ ಬಿರುಕು ಬಿಟ್ಟು ಬಾಗಿತ್ತು. ಅದರ ಕೆಳಗೆ ಮೂರು ಇಂಚು ಖಾಲಿ ಜಾಗ. ಮಣ್ಣು ತನ್ನ ಪಾಡಿಗೆ ತಾನು ಇಳಿದುಹೋಗಿತ್ತು.

ಆ ಜಾಗ ಯಾವುದೆಂದು ಯೋಚಿಸಿದಾಗ ಕಾರಣವೂ ಹೊಳೆಯಿತು. ಪಾಯ ತೆಗೆದಾಗ ಸೈಜುಗಲ್ಲಿನ ಗೋಡೆಯ ಪಕ್ಕದಲ್ಲಿ ಉಳಿದ ಗುಂಡಿಗೆ ಒಂದೇ ದಿನದಲ್ಲಿ ಟ್ರ್ಯಾಕ್ಟರ್‌ನಿಂದ ಮಣ್ಣು ಸುರಿದು, ಮೇಲೆ ಮಾತ್ರ ತುಳಿದು ಮಟ್ಟ ಮಾಡಿದ್ದರು. ನಾನು ಅಂದು ಊರಲ್ಲಿರಲಿಲ್ಲ. ಟೈಲ್ಸ್ ಆರಿಸಲು ನಾಲ್ಕು ಭಾನುವಾರ ಅಂಗಡಿ ಅಲೆದವನು ಆ ಮಣ್ಣು ತುಂಬುವ ಒಂದು ದಿನ ಅಲ್ಲಿ ನಿಂತಿದ್ದರೆ ಸಾಕಾಗಿತ್ತು. ನೆಲ ಕೆಟ್ಟರೆ ಬಹುಪಾಲು ಕೆಡುವುದು ಕಣ್ಣಿಗೆ ಕಾಣದ ಆ ಪದರದಲ್ಲೇ. ತಮ್ಮನ ಮನೆ ಕಟ್ಟಿಸುವಾಗ ಈ ಕೆಲಸವನ್ನು ಮೊದಲಿಂದ ಕೊನೆವರೆಗೆ ಪಕ್ಕದಲ್ಲಿ ನಿಂತು ಮಾಡಿಸಿದೆ. ಹಾಗೆ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಮಣ್ಣು, ಕಲ್ಲು, ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಮೇಲಿಂದ ಕೆಳಕ್ಕೆ ಲೆಕ್ಕ

ಕೆಲಸ ಕೆಳಗಿಂದ ಮೇಲಕ್ಕೆ ನಡೆಯುತ್ತದೆ, ಲೆಕ್ಕ ಮಾತ್ರ ಮೇಲಿಂದ ಕೆಳಕ್ಕೆ ಹಾಕಬೇಕು. ಕೊನೆಗೆ ನೀವು ಕಾಲಿಡುವ ಮೈಯನ್ನು ಸೊನ್ನೆ ಎಂದಿಟ್ಟುಕೊಳ್ಳಿ. ವಿಟ್ರಿಫೈಡ್ ಟೈಲ್ಸ್ ಸುಮಾರು 10 ಮಿ.ಮೀ., ಅದರಡಿಯ ಮಾಲು 40 ಮಿ.ಮೀ. ಅಲ್ಲಿಗೆ 50 ಮಿ.ಮೀ., ಅಂದರೆ ಎರಡು ಇಂಚು. ಬೆಡ್ ಕಾಂಕ್ರೀಟ್, ಅಂದರೆ ಟೈಲ್ಸ್ ಮಾಲಿನಡಿ ನೆಲದುದ್ದಕ್ಕೂ ಹಾಕುವ ಕಾಂಕ್ರೀಟ್ ಪದರ, ನಾಲ್ಕು ಇಂಚು, ಅದರಡಿಯ ಕಲ್ಲಿನ ಪದರ ಆರು ಇಂಚು. ಒಟ್ಟು ಹನ್ನೆರಡು ಇಂಚು. ಹಾಗಾಗಿ ಮಣ್ಣು ತುಂಬಿ ಗಟ್ಟಿ ಮಾಡಿದ ಮೇಲೆ ಅದರ ಮೈ ನಿಮ್ಮ ನೆಲಕ್ಕಿಂತ ಸರಿಯಾಗಿ ಒಂದಡಿ ಕೆಳಗಿರಬೇಕು. ಗ್ರಾನೈಟ್ ಹಾಕಿಸುವುದಾದರೆ ಚಪ್ಪಡಿಯೇ 18ರಿಂದ 20 ಮಿ.ಮೀ. ದಪ್ಪ, ಹಾಗಾಗಿ ಇನ್ನರ್ಧ ಇಂಚು ತಗ್ಗಿಸಿ. ನೆಲಕ್ಕೆ ಏನು ಹಾಕುತ್ತೀರೆಂದು ಮಣ್ಣು ತುಂಬುವ ಮೊದಲೇ ನಿರ್ಧರಿಸಬೇಕಾದದ್ದು ಇದಕ್ಕೇ.

ಈ ಸೊನ್ನೆ ಮಟ್ಟವನ್ನು ನೇರವಾಗಿ ಗುರುತಿಸಲು ಆಗುವುದಿಲ್ಲ, ಅಲ್ಲಿ ಇನ್ನೂ ಏನೂ ಇರುವುದಿಲ್ಲ. ಅದಕ್ಕೆ ಮೂರು ಅಡಿ ಮೇಲೆ ಪಿಲ್ಲರ್‌ಗಳ ಮೇಲೋ ಗೋಡೆಯ ಮೇಲೋ ಒಂದು ಗೆರೆ ಹಾಕಿಸಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿ ಒಂದು ಪಿಲ್ಲರ್‌ನಿಂದ ಇನ್ನೊಂದಕ್ಕೆ ಮಟ್ಟ ಸಾಗಿಸುವ ಹಳೆಯ ಪದ್ಧತಿ ಈಗಲೂ ಚೆನ್ನಾಗಿಯೇ ನಡೆಯುತ್ತದೆ. ಟ್ಯೂಬಿನೊಳಗೆ ಗಾಳಿಗುಳ್ಳೆ ಇರಬಾರದು, ನಡುವೆ ಮಡಿಕೆ ಬೀಳಬಾರದು. ಮನೆಯ ಎಲ್ಲ ಮೂಲೆಗಳಲ್ಲೂ ಈ ಗೆರೆ ಇದ್ದರೆ ಮುಂದಿನ ಪ್ರತಿ ಪದರವನ್ನೂ ಟೇಪು ಇಳಿಬಿಟ್ಟು ಅಳೆಯಬಹುದು. ಮಣ್ಣಿಗೆ ನಾಲ್ಕಡಿ, ಕಲ್ಲಿನ ಮೇಲ್ಮೈಗೆ ಮೂರೂವರೆ ಅಡಿ, ಕಾಂಕ್ರೀಟಿಗೆ ಮೂರಡಿ ಎರಡಿಂಚು.

ಹೊಸ್ತಿಲ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಾಗಿಲು ನಿಲ್ಲಿಸುವ ಪೂಜೆ ನೆಲ ಹಾಕುವುದಕ್ಕಿಂತ ಎಷ್ಟೋ ತಿಂಗಳು ಮೊದಲೇ ಆಗಿಹೋಗುತ್ತದೆ. ಅಂದು ಮಟ್ಟ ನೋಡದೆ ಕೂರಿಸಿದರೆ ಹೊಸ್ತಿಲು ಟೈಲ್ಸ್‌ಗೆ ಸಮವಾಗಿ ಹೂತುಹೋಗುತ್ತದೆ. ಪೂಜೆ ಮಾಡಿ ನಿಲ್ಲಿಸಿದ ಹೊಸ್ತಿಲನ್ನು ಕೀಳಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆ ಗೆರೆ ಇದ್ದರೆ ಈ ತೊಂದರೆಯೇ ಬರುವುದಿಲ್ಲ. ಬಚ್ಚಲಿನ ನೆಲ ಹಾಲ್‌ಗಿಂತ ಒಂದಿಂಚು ಕೆಳಗಿರಲೆಂದು ಅದೇ ದಿನ ಗೋಡೆಯ ಮೇಲೆ ಬರೆದಿಡಿ.

ಯಾವ ಮಣ್ಣು

ಪಾಯಕ್ಕೆ ಅಗೆದು ತೆಗೆದ ಮಣ್ಣು ನಮ್ಮ ಕಡೆ ಸಾಮಾನ್ಯವಾಗಿ ಕೆಂಪು ಮಣ್ಣು, ಕೆಳಗೆ ಹೋದಂತೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು). ಇದು ತುಂಬಲು ಒಳ್ಳೆಯ ಮಣ್ಣೇ. ಮೇಲಿನ ಅರ್ಧ ಅಡಿ ಮಾತ್ರ ಬೇಡ. ಅದರಲ್ಲಿ ಬೇರು, ಹುಲ್ಲು, ಗೊಬ್ಬರದ ಅಂಶ ಇರುತ್ತದೆ. ಅವು ಕೊಳೆತು ಜಾಗ ಬಿಡುತ್ತವೆ, ಗೆದ್ದಲಿಗೆ ಆಹಾರವೂ ಆಗುತ್ತವೆ. ಆ ಮಣ್ಣನ್ನು ಬೇರೆ ರಾಶಿ ಹಾಕಿಸಿ, ನಾಳೆ ತೆಂಗಿನ ಸಸಿ ಇಡಲು ಬೇಕಾಗುತ್ತದೆ.

ಮಣ್ಣು ಸಾಲದೆ ಹೊರಗಿಂದ ತರಿಸುವಾಗಲೇ ನಿಜವಾದ ಅಪಾಯ. ನಮ್ಮ ಜಿಲ್ಲೆಗಳು ಕೆರೆಗಳ ನಾಡು. ಹೂಳೆತ್ತಿದ ಕೆರೆಗೋಡು ಸುಲಭವಾಗಿ ಸಿಗುತ್ತದೆ, ಕೆಲವೊಮ್ಮೆ ಸಾಗಾಣಿಕೆ ಖರ್ಚಿಗಷ್ಟೇ ಬರುತ್ತದೆ. ಹೊಲಕ್ಕೆ ಅದು ಬಂಗಾರ. ಮನೆಯೊಳಗೆ ಅದು ಬೇಡವೇ ಬೇಡ. ಗೋಡು ಅಂದರೆ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಜೇಡಿ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಹೇಗೆ ಬಿರುಕು ಬಿಟ್ಟಿರುತ್ತದೆಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ, ಅದೇ ಆಟ ನಿಮ್ಮ ಟೈಲ್ಸ್ ಕೆಳಗೂ ನಡೆಯುತ್ತದೆ. ಪಾವಗಡದ ಕಡೆ ಅಲ್ಲಲ್ಲಿ ಸಿಗುವ ಎರೆಮಣ್ಣಿಗೂ ಇದೇ ಮಾತು.

ಬಣ್ಣ ನೋಡಿ ತೀರ್ಮಾನಿಸಲಾಗದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಣ್ಣಿನ ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಯ ಸರಳ ರೂಪ ಇದು. ಮಣ್ಣನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಹಿಡಿಯಿರಿ. ಒಂದೇ ಅಳತೆಯ ಎರಡು ಉದ್ದನೆಯ ಗಾಜಿನ ಲೋಟಗಳಿಗೆ ಸಮಸಮ ಪುಡಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಮರುದಿನ ಎರಡರಲ್ಲೂ ತಳದಲ್ಲಿ ಕೂತ ಮಣ್ಣಿನ ಎತ್ತರ ಅಳೆಯಿರಿ. ಹೆಚ್ಚುಕಡಿಮೆ ಸಮವಾಗಿದ್ದರೆ ಆ ಮಣ್ಣು ತುಂಬಬಹುದು. ನೀರಿನ ಲೋಟದಲ್ಲಿ ಮಣ್ಣು ಒಂದೂವರೆ ಪಟ್ಟು ಆಗಿದ್ದರೆ ಆ ಲೋಡನ್ನು ಹೊಲಕ್ಕೆ ಕಳಿಸಿ.

ಹಳೇ ಮನೆ ಒಡೆದ ಮಣ್ಣು, ಇಟ್ಟಿಗೆ ಚೂರು ಬಳಸಬಹುದೇ ಎಂದು ಅನೇಕರು ಕೇಳುತ್ತಾರೆ. ಇಟ್ಟಿಗೆ ಚೂರು, ಕಲ್ಲು ಪರವಾಗಿಲ್ಲ, ಮುಷ್ಟಿಗಿಂತ ದೊಡ್ಡದಿರದಂತೆ ಒಡೆದು ಮಣ್ಣಿನ ಜೊತೆ ಬೆರೆಸಿ. ಮರದ ತುಂಡು, ಪ್ಲಾಸ್ಟಿಕ್, ಸಿಮೆಂಟಿನ ಖಾಲಿ ಚೀಲ ಒಂದೂ ಒಳಗೆ ಹೋಗಕೂಡದು. ಕೆಲಸದ ಜಾಗದಲ್ಲಿ ಕಸ ಹಾಕಲು ಎಲ್ಲರಿಗೂ ಮೊದಲು ಕಾಣುವುದೇ ಆ ಗುಂಡಿ. ದಿನಾ ಸಂಜೆ ಒಮ್ಮೆ ಇಣುಕಿ ನೋಡಿ.

ಲೆಕ್ಕ ಹೀಗೆ: 12 ಅಡಿಗೆ 10 ಅಡಿಯ ಕೋಣೆಗೆ ಎರಡಡಿ ತುಂಬಬೇಕಾದರೆ 240 ಘನ ಅಡಿ. ಆದರೆ ಸಡಿಲ ಮಣ್ಣು ದಿಮ್ಮಸು (ಮಣ್ಣನ್ನು ಬಡಿದು ಕೂರಿಸುವ ಭಾರದ ಸಾಧನ) ಬಿದ್ದಾಗ ಇಳಿಯುತ್ತದೆ, ಕಾಲುಭಾಗ ಹೆಚ್ಚು ಹಿಡಿಯಿರಿ, 300 ಘನ ಅಡಿ. ಟ್ರೈಲರ್‌ನ ಉದ್ದ, ಅಗಲ, ಎತ್ತರವನ್ನು ನೀವೇ ಟೇಪು ಹಿಡಿದು ಅಳೆದು ಎಷ್ಟು ಲೋಡು ಎಂದು ಲೆಕ್ಕ ಹಾಕಿ. ಇನ್ನೊಂದು ಮಾತು: ಲೆಕ್ಕದಷ್ಟು ಮಣ್ಣು ಬರುವ ಮೊದಲೇ ಕೋಣೆ ತುಂಬಿಬಿಟ್ಟರೆ ಅದು ಉಳಿತಾಯ ಅಲ್ಲ, ಮಣ್ಣು ಗಟ್ಟಿಯಾಗಿಲ್ಲ ಎಂದರ್ಥ.

ತುಂಬುವುದು, ನೀರುಣಿಸುವುದು, ದಿಮ್ಮಸು ಹಾಕುವುದು

ಈ ಭಾಗಕ್ಕೆ ಎಷ್ಟು ದಿನ ಕೊಟ್ಟರೂ ಕಡಿಮೆಯೇ. ಪಾಯದ ಕಲ್ಲುಕಟ್ಟಡ ಮತ್ತು ಪ್ಲಿಂತ್ ಬೀಮ್ (ಪಾಯದ ಮೇಲೆ ಬರುವ ಕಾಂಕ್ರೀಟ್ ತೊಲೆ) ಮುಗಿದು, ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಯಾಗಿಸುವುದು) ಆಗಿ, ಗಟ್ಟಿಯಾದ ಮೇಲಷ್ಟೇ ಮಣ್ಣು ತುಂಬಬೇಕು. ಹಸಿ ಕಟ್ಟಡಕ್ಕೆ ಒಂದೇ ಕಡೆಯಿಂದ ಮಣ್ಣು ಒತ್ತಿದರೆ ಅದು ವಾಲುತ್ತದೆ. ಗೋಡೆಯ ಎರಡೂ ಬದಿಗೆ ಸಮವಾಗಿ ಏರಿಸಿಕೊಂಡು ಹೋಗಬೇಕು.

ಒಂದು ಸಲಕ್ಕೆ ಆರು ಇಂಚು, ಹೆಚ್ಚೆಂದರೆ ಎಂಟು ಇಂಚು ಸಡಿಲ ಮಣ್ಣು ಹರಡಿ. ಪ್ಲಿಂತ್‌ನ ಒಳಮೈಯಲ್ಲಿ ಸೀಮೆಸುಣ್ಣದಿಂದ ಆರಾರು ಇಂಚಿಗೆ ಗೆರೆ ಎಳೆದಿಡುವುದು ಬಹಳ ಉಪಕಾರಿ, ಯಾರ ಜೊತೆಗೂ ಜಗಳವಾಡಬೇಕಾಗುವುದಿಲ್ಲ. ನೀರು ಚಿಮುಕಿಸಿ ಹದ ಬರಿಸಿ. ಹದ ಬಂದಿದೆಯೇ ಎಂದು ತಿಳಿಯಲು ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು. ಬಿದ್ದು ನಾಲ್ಕೈದು ಹೋಳಾದರೆ ಸರಿಯಾದ ಹದ. ಮುದ್ದೆಯಂತೆ ಪಚ್ಚನೆ ಕೂತರೆ ನೀರು ಹೆಚ್ಚಾಯಿತು, ಅರ್ಧ ದಿನ ಆರಲು ಬಿಡಿ.

ಆಮೇಲೆ ದಿಮ್ಮಸು. ಕೈ ದಿಮ್ಮಸಾದರೆ ಒಂದೊಂದು ಪೆಟ್ಟೂ ಹಿಂದಿನ ಪೆಟ್ಟಿನ ಅರ್ಧದ ಮೇಲೆ ಬೀಳುವಂತೆ ಸಾಲಾಗಿ ಹೋಗಬೇಕು. ಬಾಡಿಗೆಗೆ ಯಂತ್ರ ಸಿಗುತ್ತದೆ. ಕುಪ್ಪಳಿಸುವ ರ‍್ಯಾಮರ್ ಜೇಡಿ ಬೆರೆತ ಕೆಂಪು ಮಣ್ಣಿಗೆ ಚೆನ್ನು, ಅಗಲ ತಗಡಿನ ಕಂಪಿಸುವ ಪ್ಲೇಟ್ ಗರಸು, ಮರಳಿನಂಥ ಮಣ್ಣಿಗೆ ಚೆನ್ನು. ಯಂತ್ರ ತಂದರೂ ಗೋಡೆಯಂಚು ಮತ್ತು ಮೂಲೆಗಳಲ್ಲಿ ಕೈ ದಿಮ್ಮಸೇ ಬೇಕು, ಅಲ್ಲಿಗೆ ಯಂತ್ರದ ಪಾದ ಹೋಗುವುದಿಲ್ಲ. ನಮ್ಮ ಮನೆಯ ನೆಲ ಕುಸಿದದ್ದು ಇಂಥ ಅಂಚಿನಲ್ಲೇ. ಪಾಯದ ಗುಂಡಿಯ ಪಕ್ಕ ಉಳಿದ ಸಂದು ಕೋಣೆಯ ಉಳಿದ ಭಾಗಕ್ಕಿಂತ ಬಹಳ ಆಳ. ನಡುವೆ ಹಳೆಯ ಗಟ್ಟಿ ನೆಲ, ಅಂಚಿನಲ್ಲಿ ನಾಲ್ಕಡಿ ಸಡಿಲ ಮಣ್ಣು. ನಡುಭಾಗ ಇಳಿಯುವುದಿಲ್ಲ, ಅಂಚು ಇಳಿಯುತ್ತದೆ, ಕಾಂಕ್ರೀಟ್ ಆ ಎರಡರ ನಡುವೆ ಮುರಿಯುತ್ತದೆ. ಅದಕ್ಕೇ ಆ ಸಂದುಗಳನ್ನು ಮೊದಲು, ಬೇರೆಯಾಗಿ, ಇನ್ನೂ ತೆಳು ಪದರಗಳಲ್ಲಿ ತುಂಬಿಸಿ. ಕೋಣೆ ಪೂರ್ತಿ ತುಂಬುವುದು ಆಮೇಲೆ.

ಪದರ ಗಟ್ಟಿಯಾಗಿದೆಯೇ ಎಂದು ನೋಡಲು ನಾನು ಮಾಡುತ್ತಿದ್ದುದು ಇಷ್ಟೇ: 12 ಮಿ.ಮೀ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುವುದು. ಚೆನ್ನಾಗಿ ಕೂತ ಮಣ್ಣಿನಲ್ಲಿ ಒಂದಿಂಚು ಇಳಿಯುವುದಕ್ಕೂ ತಿಣುಕಬೇಕು. ಸಲೀಸಾಗಿ ನಾಲ್ಕಿಂಚು ಹೋದರೆ ಅಲ್ಲಿ ಮತ್ತೆ ದಿಮ್ಮಸು. ಪ್ರತಿ ಕೋಣೆಯಲ್ಲಿ ನಾಲ್ಕು ಮೂಲೆ, ಮಧ್ಯ, ಪೈಪು ಹಾಯ್ದ ಕಡೆ ಒತ್ತಿ ನೋಡಿ.

ಕೊನೆಯ ಪದರವಾದ ಮೇಲೆ ಅಂಚಿಗೆ ಪಾತಿ ಕಟ್ಟಿ ನೀರು ನಿಲ್ಲಿಸಿ, ಎರಡು ಮೂರು ದಿನ ಹೀರಲು ಬಿಡಿ. ಎಲ್ಲೆಲ್ಲಿ ತಗ್ಗು ಬೀಳುತ್ತದೋ ಅಲ್ಲಿ ಮಣ್ಣು ಹಾಕಿ ಮತ್ತೆ ದಿಮ್ಮಸು. ನೀರು ನಿಲ್ಲಿಸುವುದೊಂದೇ ಸಾಕು, ದಿಮ್ಮಸು ಬೇಡ ಎನ್ನುವವರಿದ್ದಾರೆ. ಮರಳು, ಗರಸಿಗೆ ಅದು ಸ್ವಲ್ಪ ಮಟ್ಟಿಗೆ ನಿಜ. ಜೇಡಿ ಸೇರಿದ ಮಣ್ಣಿನಲ್ಲಿ ನೀರು ಮೇಲೆ ಕೆಸರು ಮಾಡುತ್ತದೆಯೇ ಹೊರತು ಒಳಗೆ ಗಟ್ಟಿ ಮಾಡುವುದಿಲ್ಲ.

ಸಾಧ್ಯವಾದರೆ ಮಣ್ಣನ್ನು ಬೇಗ ತುಂಬಿ, ಕಾಂಕ್ರೀಟನ್ನು ತಡವಾಗಿ ಹಾಕಿ. ಪ್ಲಿಂತ್ ಆದ ಕೂಡಲೇ ತುಂಬಿಬಿಟ್ಟರೆ ಗೋಡೆ ಎದ್ದು ಚಾವಣಿಯ ಆರ್‌ಸಿಸಿ ಬೀಳುವವರೆಗೆ ಆಳುಗಳ ಓಡಾಟ, ಇಟ್ಟಿಗೆ ರಾಶಿ, ಕ್ಯೂರಿಂಗ್ ನೀರು, ಒಂದು ಮುಂಗಾರು ಎಲ್ಲವೂ ಸೇರಿ ಮಣ್ಣನ್ನು ಕೂರಿಸುತ್ತವೆ. ತಮ್ಮನ ಮನೆಯಲ್ಲಿ ಮೇಸ್ತ್ರಿ, "ಅಣ್ಣಾ, ಮಣ್ಣು ತುಂಬಿ ಆಯ್ತಲ್ಲ, ಇವತ್ತೇ ಬೆಡ್ ಹಾಕಿಬಿಡೋಣ, ಓಡಾಡೋಕೆ ಚೆನ್ನಾಗಿರ್ತದೆ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು, ಗಟ್ಟಿ ನೆಲದ ಮೇಲೆ ಕೆಲಸ ಸಲೀಸು. ಆದರೂ ಐದು ತಿಂಗಳು ಬಿಟ್ಟೆವು. ಅಷ್ಟು ದಿಮ್ಮಸು ಹಾಕಿದ್ದ ಮೇಲೂ ಅಡುಗೆಮನೆಯ ಒಂದು ಮೂಲೆ ಮುಕ್ಕಾಲು ಇಂಚು ಇಳಿದಿತ್ತು.

ಪೈಪುಗಳು

ನೆಲದಡಿಯಲ್ಲಿ ಹೋಗಬೇಕಾದ ಬಚ್ಚಲು, ಪಾಯಿಖಾನೆ, ಸಿಂಕಿನ ಪೈಪುಗಳೆಲ್ಲ ಕಲ್ಲು ಹಾಸುವ ಮೊದಲೇ ಕೂರಬೇಕು. ಬಾಯಿ ಮುಚ್ಚಿ, ನೀರು ತುಂಬಿ, ಒಂದು ರಾತ್ರಿ ಬಿಟ್ಟು ಮಟ್ಟ ಇಳಿದಿದೆಯೇ ನೋಡಿ. ಪೈಪಿನ ಸುತ್ತ ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಹಾಕಿಸಿ, ಚೂಪು ಕಲ್ಲು ತಾಗದಿರಲಿ. ಎಲ್ಲ ಮುಚ್ಚುವ ಮೊದಲು ಗೋಡೆಯಿಂದ ಟೇಪು ಹಿಡಿದು ಫೋಟೊ ತೆಗೆದಿಡಿ. ಮುಂದೆ ಯಾವಾಗಲಾದರೂ ಡ್ರಿಲ್ ಹೊಡೆಯುವಾಗ ಅದೇ ನಕ್ಷೆ.

ಗೆದ್ದಲು

ನಮ್ಮ ಕೆಂಪು ನೆಲದಲ್ಲಿ ಹುತ್ತ ಇಲ್ಲದ ಬೀಡುಭೂಮಿ ಅಪರೂಪ. ಬಾಗಿಲು, ಕಪಾಟು ತಿನ್ನುವ ಗೆದ್ದಲು ಬರುವುದು ನೆಲಕ್ಕೂ ಗೋಡೆಗೂ ನಡುವಿನ ಕೂದಲೆಳೆ ಸಂದಿಯಿಂದ. ಮಣ್ಣಿನ ಮಟ್ಟ ಸಿದ್ಧವಾಗಿ, ಕಲ್ಲು ಹಾಸುವ ಮೊದಲು ಔಷಧ ಹಾಕಿಸುವುದು ಸರಿಯಾದ ಹೊತ್ತು. ಕ್ಲೋರ್‌ಪೈರಿಫಾಸ್ 20 ಇ.ಸಿ. ಬಳಸುವುದಾದರೆ ಒಂದು ಲೀಟರ್ ಔಷಧಕ್ಕೆ 19 ಲೀಟರ್ ನೀರು, ಪ್ರತಿ ಚದರ ಮೀಟರ್ ಮಣ್ಣಿನ ಮೈಗೆ 5 ಲೀಟರ್ ದ್ರಾವಣ. 12 ಅಡಿಗೆ 10 ಅಡಿಯ ಕೋಣೆ ಸುಮಾರು 11 ಚದರ ಮೀಟರ್, ಅಂದರೆ 55 ಲೀಟರ್ ದ್ರಾವಣ, ಅದಕ್ಕೆ 2.75 ಲೀಟರ್ ಔಷಧ. ಕೈಪಂಪಿನಲ್ಲಿ ಎರಡು ಲೀಟರ್ ಚಿಮುಕಿಸಿ ಆಯ್ತು ಎಂದರೆ ಆಗಲಿಲ್ಲ ಎಂದೇ ಅರ್ಥ. ಗೋಡೆಯಂಚಿನಲ್ಲಿ 30 ಮಿ.ಮೀ. ಅಗಲ, ಅಷ್ಟೇ ಆಳದ ಕಾಲುವೆ ಕೆರೆದು, ಅದರಲ್ಲಿ 15 ಸೆಂ.ಮೀ.ಗೊಂದರಂತೆ ಕಂಬಿಯಿಂದ ತೂತು ಮಾಡಿ ದ್ರಾವಣ ಸುರಿಯಬೇಕು.

ಇದು ವಿಷ. ಕೈಗವಸು, ಮುಖಗವಸು ಇಲ್ಲದೆ ಯಾರೂ ಮುಟ್ಟಬಾರದು, ಮಕ್ಕಳು ಆ ದಿನ ಅಲ್ಲಿ ಇರಬಾರದು. ಸಂಪು, ಬಾವಿ, ಕೊಳವೆಬಾವಿ ಹತ್ತಿರವಿದ್ದರೆ ಆ ಭಾಗಕ್ಕೆ ಹಾಕುವುದೇ ಬೇಡ. ಮಣ್ಣು ತೊಪ್ಪೆಯಾಗಿರುವಾಗ, ಮಳೆ ಬರುವ ಲಕ್ಷಣ ಇರುವಾಗಲೂ ಹಾಕಬಾರದು. ಹಾಕಿದ ಮೇಲೆ ಆ ಮಣ್ಣನ್ನು ಕೆದಕಬೇಡಿ. ಕೆದಕಿದರೆ ಔಷಧದ ಪದರ ತುಂಡಾಗುತ್ತದೆ, ತುಂಡಾದ ಕಡೆಯೇ ಗೆದ್ದಲು ಹುಡುಕಿಕೊಂಡು ಬರುತ್ತದೆ.

ಕಲ್ಲಿನ ಹಾಸು ಮತ್ತು ತೇವ

ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದ ಮನೆಗಳೂ ಇವೆ, ನಡುವೆ ಕಲ್ಲು ಯಾಕೆ ಬೇಕು? ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ಕಲ್ಲುಗಳ ನಡುವಿನ ದೊಡ್ಡ ಸಂದಿಗಳಲ್ಲಿ ಅದು ಏರಲಾರದು. ಈ ಆರು ಇಂಚಿನ ಕಲ್ಲು ಭಾರ ಹೊರುವುದರ ಜೊತೆಗೆ ಬತ್ತಿಯನ್ನೂ ಕತ್ತರಿಸುತ್ತದೆ.

ಕೋಲಾರದಲ್ಲಿ ಇದು ಮೊದಲಿಗಿಂತ ಈಗ ಹೆಚ್ಚು ಮುಖ್ಯವಾಗಿದೆ. ದಶಕಗಳಿಂದ ಒಣಗಿದ್ದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಹರಿಯತೊಡಗಿತು, 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ಕೆರೆ ಬತ್ತಿದ್ದ ಕಾಲದಲ್ಲಿ ಅಚ್ಚುಕಟ್ಟಿನ ಪಕ್ಕ, ಏರಿಯ ಕೆಳಗೆ ಕಟ್ಟಿದ ಮನೆಗಳ ನೆಲ ಈಗ ತೇವ ತೋರಿಸುತ್ತದೆ. ಟೈಲ್ಸ್ ಸಂದಿಯಲ್ಲಿ ಬಿಳಿ ಪುಡಿ ಏಳುವುದು, ಗೋಡೆಯ ಬುಡದಲ್ಲಿ ಬಣ್ಣ ಉದುರುವುದು ಅದರದೇ ಗುರುತು. ಕೆರೆ ಹತ್ತಿರದ ನಿವೇಶನವಾದರೆ ಈ ಪದರದಲ್ಲಿ ಜಿಪುಣತನ ಮಾಡಬೇಡಿ.

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಐದಾರು ಇಂಚಿನ ಬೋಡ್ರಸ್ ಕಲ್ಲನ್ನು ಕೈಯಿಂದ ಒಂದೊಂದಾಗಿ, ಅಗಲ ಮೈ ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಬೇಕು. ಟ್ರ್ಯಾಕ್ಟರ್‌ನಿಂದ ಸುರಿದು ಹರಡಿದರೆ ಕಲ್ಲು ಒಂದರ ಮೇಲೊಂದು ತೂಗಾಡುತ್ತದೆ. ಸಂದಿಗಳಿಗೆ ಚಕ್ಕೆ, 40 ಮಿ.ಮೀ. ಜಲ್ಲಿ ಗಿಡಿದು ದಿಮ್ಮಸು ಹಾಕಬೇಕು. ಅನೇಕರು ಇಲ್ಲಿ ಮಿಕ್ಕ ಮಣ್ಣನ್ನೇ ಸಂದಿಗೆ ತುಂಬಿ ನೀರು ಬಿಡುತ್ತಾರೆ. ಹಾಗೆ ಮಾಡಿದರೆ ಕತ್ತರಿಸಿದ ಬತ್ತಿಯನ್ನು ಮತ್ತೆ ಗಂಟು ಹಾಕಿದಂತೆ. ಕಾಂಕ್ರೀಟಿನ ಹಾಲು ಕೆಳಗೆ ಸೋರದಿರಲು ಮೇಲ್ಮೈಗೆ ಮಾತ್ರ ಒಂದಿಷ್ಟು ಸಣ್ಣ ಜಲ್ಲಿ, ಎಂ-ಸ್ಯಾಂಡ್ ಎಳೆದರೆ ಸಾಕು.

ತೇವದ ಜಾಗವಾದರೆ ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಚೂಪು ಕಲ್ಲು ಚುಚ್ಚದಂತೆ ಕೆಳಗೆ ಒಂದಿಂಚು ಎಂ-ಸ್ಯಾಂಡ್ ಇರಲಿ. ಈ ಒಂದಿಂಚಿಗೆ ಜಾಗವಾಗುವಂತೆ ಮಣ್ಣಿನ ಮಟ್ಟವನ್ನು ಅಷ್ಟೇ ತಗ್ಗಿಸಿಕೊಂಡಿರಬೇಕು. ಹಾಳೆಗಳು ಒಂದರ ಮೇಲೊಂದು ಆರು ಇಂಚು ಕೂತು ಅಂಟುಪಟ್ಟಿ ಬೀಳಲಿ, ಗೋಡೆಯಂಚಿನಲ್ಲಿ ನಾಲ್ಕಿಂಚು ಮೇಲಕ್ಕೆ ಮಡಚಿರಲಿ.

ಹಳೇ ಮನೆಗಳಲ್ಲಿ ಈ ಜಾಗದಲ್ಲಿ ಇಟ್ಟಿಗೆ ಜಲ್ಲಿಯನ್ನು ಸುಣ್ಣದ ಗಾರೆಯಲ್ಲಿ ಕಲಸಿ ಹಾಕಿ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಪಕ್ಕದಲ್ಲೇ ಇತ್ತು. ಕೆಲವು ಮನೆಗಳಲ್ಲಿ ಆ ನೆಲದ ಮೇಲೆ ಎಳೆದ ಕೆಂಪು ಆಕ್ಸೈಡ್ ಇವತ್ತಿಗೂ ಬಿರುಕಿಲ್ಲದೆ ಹೊಳೆಯುತ್ತದೆ. ಅದಕ್ಕೆ ಕಾರಣ ಮೇಲಿನ ಬಣ್ಣವಲ್ಲ, ಕೆಳಗೆ ಬಿದ್ದ ಆ ಬಡಿತ.

ಬೆಡ್ ಕಾಂಕ್ರೀಟ್

ಇಲ್ಲಿ ಎರಡು ಪ್ರಮಾಣಗಳು ಚಾಲ್ತಿಯಲ್ಲಿವೆ: 1:4:8 ಮತ್ತು 1:3:6, ಸಿಮೆಂಟ್, ಮರಳು, ಜಲ್ಲಿ ಕ್ರಮವಾಗಿ. 12 ಅಡಿಗೆ 10 ಅಡಿಯ ಕೋಣೆಗೆ ನಾಲ್ಕು ಇಂಚು ಹಾಕಲು 40 ಘನ ಅಡಿ ಕಾಂಕ್ರೀಟ್ ಬೇಕು. 1:4:8ಕ್ಕೆ ಸುಮಾರು 4 ಚೀಲ ಸಿಮೆಂಟ್, 1:3:6ಕ್ಕೆ 5 ಚೀಲ. ಎರಡಕ್ಕೂ ಎಂ-ಸ್ಯಾಂಡ್ 19 ಘನ ಅಡಿ, ಜಲ್ಲಿ 37–38 ಘನ ಅಡಿಯ ಆಸುಪಾಸು. ಕೋಣೆಗೆ ಒಂದು ಚೀಲದ ವ್ಯತ್ಯಾಸ. ವಾಸದ ಮನೆಗೆ 1:3:6 ಹಾಕಿಸಿ ಎಂಬುದೇ ನನ್ನ ಸಲಹೆ. ನಾಲ್ಕು ಇಂಚು ದಪ್ಪಕ್ಕೆ 40 ಮಿ.ಮೀ. ಜಲ್ಲಿಯೇ ಸಾಲುತ್ತದೆ, ಅದರಲ್ಲಿ ಮೂರನೇ ಒಂದು ಪಾಲು 20 ಮಿ.ಮೀ. ಬೆರೆಸಿದರೆ ಸಂದಿ ಚೆನ್ನಾಗಿ ತುಂಬುತ್ತದೆ.

ಎಂ-ಸ್ಯಾಂಡ್ ಬೇರೆ, ಕ್ರಷರ್‌ನ ಕಲ್ಲುಪುಡಿ ಬೇರೆ. ಎರಡೂ ಒಂದೇ ಬೂದುಬಣ್ಣ, ಬೆಲೆಯಲ್ಲಿ ಬಹಳ ಅಂತರ. ಅಂಗೈಯಲ್ಲಿ ಒದ್ದೆ ಮಾಡಿ ಉಜ್ಜಿ, ಹಿಟ್ಟಿನಂತೆ ಅಂಟಿಕೊಂಡರೆ ಅದು ಪುಡಿ, ಲೋಡು ಇಳಿಸುವ ಮೊದಲೇ ಹಿಂದಕ್ಕೆ ಕಳಿಸಿ.

ಬಾಂಡ್ಲಿ ಲೆಕ್ಕದಲ್ಲಿ ಪ್ರಮಾಣ ಕೆಡುತ್ತದೆ. ಒಂದೊಂದು ಬಾಂಡ್ಲಿ ಒಂದೊಂದು ರೀತಿ ತುಂಬುತ್ತದೆ, ಸಂಜೆಯಾದಂತೆ ಇನ್ನೂ ಕಡಿಮೆ ತುಂಬುತ್ತದೆ. ಒಂದು ಚೀಲ ಸಿಮೆಂಟ್ 1.25 ಘನ ಅಡಿ. 15 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ತಳವಿಲ್ಲದ ಮರದ ಪೆಟ್ಟಿಗೆ ಮಾಡಿಸಿದರೆ ಅದರ ಅಳತೆ ಸರಿಯಾಗಿ ಒಂದು ಚೀಲದಷ್ಟು. ಚೀಲಕ್ಕೆ ಮೂರು ಪೆಟ್ಟಿಗೆ ಮರಳು, ಆರು ಪೆಟ್ಟಿಗೆ ಜಲ್ಲಿ. ನೀರು 1:3:6ಕ್ಕೆ ಚೀಲಕ್ಕೆ 34 ಲೀಟರ್ ಮೀರಬಾರದು. ಮರಳು ಮೊದಲೇ ಒದ್ದೆಯಿದ್ದರೆ ಅದಕ್ಕಿಂತ ಕಡಿಮೆ. ಎಳೆಯಲು ಸುಲಭವಾಗಲೆಂದು ಪೈಪು ಬಿಟ್ಟು ತೆಳ್ಳಗೆ ಮಾಡಿದ ಕಾಂಕ್ರೀಟ್ ಒಣಗಿದಾಗ ಕುಗ್ಗಿ ಸೀಳುತ್ತದೆ.

ಹಾಕುವ ಮುನ್ನ ಕಲ್ಲಿನ ಹಾಸನ್ನು ನೀರಿನಿಂದ ತೋಯಿಸಿ. ಇಲ್ಲದಿದ್ದರೆ ಒಣಗಲ್ಲು ಕಾಂಕ್ರೀಟಿನ ನೀರನ್ನು ಕುಡಿದುಬಿಡುತ್ತದೆ. ಪ್ಲಾಸ್ಟಿಕ್ ಹಾಸಿದ್ದರೆ ಇದು ಬೇಡ. ಮೂರಡಿ ಎರಡಿಂಚು ಅಳತೆಗೆ ಆರಾರು ಅಡಿಗೊಂದರಂತೆ ಮಾಲಿನ ಗುರುತು ದಿಬ್ಬಗಳನ್ನು ಹಿಂದಿನ ದಿನವೇ ಇಡಿಸಿ. ಕಾಂಕ್ರೀಟ್ ಕಲಸಿದ ಅರ್ಧ ಗಂಟೆಯೊಳಗೆ ಹಾಕಿ, ಬಡಿದು, ದಿಬ್ಬದಿಂದ ದಿಬ್ಬಕ್ಕೆ ಅಲ್ಯೂಮಿನಿಯಂ ಪಟ್ಟಿ ಎಳೆದು ಮಟ್ಟ ಮಾಡಬೇಕು. ಬಾಗಿಲಿಗೆ ಎದುರಿನ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ. ದೊಡ್ಡ ಹಾಲ್ ಆದರೆ ಹನ್ನೆರಡು ಹದಿನೈದು ಅಡಿಯ ಅಂಕಣಗಳಾಗಿ ಭಾಗ ಮಾಡಿ, ಒಂದು ಬಿಟ್ಟು ಒಂದನ್ನು ಇವತ್ತು, ಉಳಿದದ್ದನ್ನು ನಾಳೆ ಹಾಕಿ. ಕುಗ್ಗುವುದು ಎಲ್ಲಿಯೋ ಸೀಳಾಗುವ ಬದಲು ನೀವು ಬಿಟ್ಟ ಗೆರೆಯಲ್ಲೇ ಆಗುತ್ತದೆ.

ಮೇಲ್ಮೈಯನ್ನು ಕರಣೆಯಿಂದ ನುಣುಪು ಮಾಡಬಾರದು. ಅದು ಕೆಲಸಗಾರನ ಕೈಗೆ ಹೆಮ್ಮೆ, ಆದರೆ ಟೈಲ್ಸ್ ಮಾಲಿಗೆ ಹಿಡಿತ ಸಿಗುವುದಿಲ್ಲ. ಬಿಗಿಯಾಗುತ್ತಿರುವಾಗ ತೆಂಗಿನ ಕಡ್ಡಿ ಪೊರಕೆಯಿಂದ ಒಮ್ಮೆ ಗೀರಿ ಒರಟಾಗಿ ಬಿಡಿ.

ನೀರು, ಮತ್ತು ನೋಡಿಕೊಳ್ಳುವುದು

ಮರುದಿನ ಬೆಳಿಗ್ಗೆಯಿಂದ ಪಾತಿ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿಚೀಲ ಹಾಸಿ ಒದ್ದೆಯಾಗಿಡಿ. ಏಳು ದಿನ ಕನಿಷ್ಠ. ಈಗ ಬಹುಪಾಲು ಸಿಗುವ ಪಿ.ಪಿ.ಸಿ. (ಹಾರುಬೂದಿ ಬೆರೆತ) ಸಿಮೆಂಟಿಗೆ, ಅದರಲ್ಲೂ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ, ಹತ್ತರಿಂದ ಹದಿನಾಲ್ಕು ದಿನ. ದಿನಕ್ಕೆರಡು ಸಲ ನೀರು ಚೆಲ್ಲಿ ನಡುವೆ ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ.

ಕ್ಯೂರಿಂಗ್ ಮುಗಿದು ಮೈ ಒಣಗಿದ ಮೇಲೆ ಕೋಣೆಯಿಡೀ ಒಂದು ಕಂಬಿಯ ತುದಿಯಿಂದ ತಟ್ಟುತ್ತಾ ನಡೆಯಿರಿ. ಗಟ್ಟಿ ನೆಲದ ಸದ್ದು ಕಿವಿಗೆ ಬೇಗ ಒಗ್ಗುತ್ತದೆ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ. ಹತ್ತು ಅಡಿಯ ಪಟ್ಟಿ ಇಟ್ಟು ಕೆಳಗೆ ಬೆಳಕು ಕಾಣುವ ಕಡೆ ಅಳೆಯಿರಿ. ಅರ್ಧ ಇಂಚಿಗಿಂತ ಹೆಚ್ಚು ತಗ್ಗಿದ್ದರೆ ಈಗಲೇ ಮಾಲು ಹಾಕಿ ಸರಿಮಾಡಿಸಿ, ಟೈಲ್ಸ್‌ನವರು ತಮ್ಮ ಮಾಲಿನಲ್ಲಿ ಮುಚ್ಚಿಕೊಳ್ಳಲಿ ಎಂದು ಬಿಡಬೇಡಿ. ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಮೂರಿಂಚು ಮಾಲು ಬಿದ್ದರೆ ಅದು ಬೇರೆ ಬೇರೆ ರೀತಿ ಕುಗ್ಗುತ್ತದೆ. ಟೈಲ್ಸ್ ಎದ್ದು ನಿಲ್ಲುವುದಕ್ಕೆ ಅದೂ ಒಂದು ಕಾರಣ. ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಬಿರುಕಿನ ಎರಡು ಅಂಚುಗಳು ಮೇಲೆ ಕೆಳಗೆ ಆಗಿದ್ದರೆ ಕೆಳಗೆ ಮಣ್ಣು ಇಳಿದಿದೆ. ಅಲ್ಲಿ ಒಡೆದು ನೋಡಲೇಬೇಕು.

ಈಗಾಗಲೇ ಕುಸಿದಿದ್ದರೆ

ಕುಸಿದ ಟೈಲ್ಸ್ ಮೇಲೆ ಇನ್ನೊಂದು ಟೈಲ್ಸ್ ಅಂಟಿಸಿ ಮಟ್ಟ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿದರೆ ಕೆಳಗಿನ ಖಾಲಿ ಜಾಗ ಹಾಗೇ ಉಳಿಯುತ್ತದೆ, ಮೇಲಿನ ಭಾರ ಹೆಚ್ಚುತ್ತದೆ. ನಾವು ಮಾಡಿದ್ದು ಹೀಗೆ. ಟೊಳ್ಳು ಸದ್ದಿನ ಗೆರೆಗಿಂತ ಒಂದಡಿ ಆಚೆಗೆ ಗುರುತು ಹಾಕಿ, ಕಟರ್‌ನಿಂದ ಚೌಕವಾಗಿ ಕೊಯ್ಸಿ, ಕಾಂಕ್ರೀಟ್ ತೆಗೆಸಿದೆವು. ಮೊದಲು ಬಚ್ಚಲ ಪೈಪು ಸೋರುತ್ತಿದೆಯೇ ನೋಡಿದೆವು. ಸೋರುವ ಪೈಪು ಮಣ್ಣನ್ನು ತೊಳೆದುಕೊಂಡು ಹೋಗುತ್ತಿದ್ದರೆ ಎಷ್ಟು ತುಂಬಿದರೂ ವ್ಯರ್ಥ. ನಮ್ಮದು ಸೋರುತ್ತಿರಲಿಲ್ಲ. ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ಬಗೆಸಿ, ಗರಸನ್ನು ನಾಲ್ಕು ನಾಲ್ಕು ಇಂಚು ಹಾಕಿ ಕೈ ದಿಮ್ಮಸಿನಿಂದ ಬಡಿಸಿ, ಕಲ್ಲು ಜೋಡಿಸಿ, ಹಳೆಯ ಕಾಂಕ್ರೀಟಿನ ಅಂಚಿನಲ್ಲಿ 10 ಮಿ.ಮೀ. ಕಂಬಿಯ ತುಂಡುಗಳನ್ನು ತೂತು ಹೊಡೆದು ಕೂರಿಸಿ ಹೊಸ ಕಾಂಕ್ರೀಟ್ ಹಾಕಿಸಿದೆವು. ಐದಾರು ಟೈಲ್ಸ್ ಎಂದು ಶುರುವಾದದ್ದು ಇಪ್ಪತ್ತೆರಡಕ್ಕೆ ನಿಂತಿತು. ಅದೇ ಬಣ್ಣದ ಟೈಲ್ಸ್ ಸಿಗಲಿಲ್ಲ. ಹಾಗಾಗಿ ನೀವು ಟೈಲ್ಸ್ ಕೊಳ್ಳುವಾಗ ಎರಡು ಡಬ್ಬ ಹೆಚ್ಚಿಗೆ ಕೊಂಡು ಅಟ್ಟದ ಮೇಲಿಡಿ, ಡಬ್ಬದ ಮೇಲಿನ ಬ್ಯಾಚ್ ನಂಬರ್ ಕಾಣುವಂತೆ.